ಉಸಿರಿನ ಮಿತಿಯನ್ನು ಖಜಾನೆ ನಿರ್ಧರಿಸಬೇಕೆ?

ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಸೂಕ್ಷ್ಮಧೂಳು ಇರಬಹುದು? ಭಾರತದ ಮಾನದಂಡ ಕೊಡುವ ಉತ್ತರ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಉತ್ತರ 5. ಎರಡೂ ವಾರ್ಷಿಕ ಸರಾಸರಿಗಳೇ. ಎರಡೂ ಹೇಳುತ್ತಿರುವುದು 2.5 ಮೈಕ್ರಾನಿಗಿಂತ ಸಣ್ಣದಾದ, ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟಿರುವ ಅದೇ ಕಣದ ಕುರಿತು. ಉಸಿರಾಡುವ ಶ್ವಾಸಕೋಶದ ರಚನೆಯೂ ಎಲ್ಲೆಡೆ ಒಂದೇ. ಹಾಗಿದ್ದರೆ ಈ ಎಂಟು ಪಟ್ಟಿನ ಅಂತರ ಬಂದುದೆಲ್ಲಿಂದ?

5 ಎಂಬ ಸಂಖ್ಯೆ ಆಕಾಶದಿಂದ ಇಳಿದದ್ದಲ್ಲ. 1993ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಆರು ಪಟ್ಟಣಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ ಫಲಿತಾಂಶವನ್ನು ಪ್ರಕಟಿಸಿದರು. ಧೂಮಪಾನದಂತಹ ಇತರ ಕಾರಣಗಳನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ, ಅತಿ ಮಲಿನ ಪಟ್ಟಣದ ಸಾವಿನ ಪ್ರಮಾಣ ಅತಿ ಶುದ್ಧ ಪಟ್ಟಣಕ್ಕಿಂತ ಶೇಕಡಾ 26ರಷ್ಟು ಹೆಚ್ಚಿತ್ತು. ಅನಂತರ ಅನೇಕ ದೇಶಗಳಲ್ಲಿ ಇಂತಹ ಅಧ್ಯಯನಗಳು ನಡೆದವು. ಅವುಗಳಲ್ಲಿ ಸಾವಿನ ಏರಿಕೆ ಖಚಿತವಾಗಿ ಕಂಡುಬಂದ ಅತ್ಯಂತ ಕೆಳಗಿನ ಮಟ್ಟ ಯಾವುದೆಂದು ಹುಡುಕಿ, 2005ರಲ್ಲಿ 10 ಎಂದಿದ್ದ ಮಾರ್ಗಸೂಚಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಸಿತು. ಅದಕ್ಕಿಂತ ಕೆಳಗೆ ಅಪಾಯವಿಲ್ಲವೆಂದು ಅದು ಹೇಳಿಲ್ಲ. ಈ ಸಂಸ್ಥೆಗೆ ಮಿತಿಯನ್ನು ಬಿಗಿಗೊಳಿಸುವುದಷ್ಟೇ ಗೊತ್ತು ಎಂದು ದೂರುವವರು ಒಂದು ಸಂಗತಿಯನ್ನು ಗಮನಿಸಬೇಕು. ಅದೇ 2021ರಲ್ಲಿ ಸಲ್ಫರ್ ಡೈಆಕ್ಸೈಡಿನ ದಿನದ ಮಿತಿಯನ್ನು ಅದು 20ರಿಂದ 40ಕ್ಕೆ ಸಡಿಲಿಸಿತು. ಸಾಕ್ಷ್ಯ ಎತ್ತ ಕರೆದೊಯ್ದಿತೋ ಸಂಖ್ಯೆಯೂ ಅತ್ತಲೇ ಹೋಯಿತು.

ಇನ್ನು 40ರ ಕಥೆ. 1981ರ ವಾಯು ಕಾಯ್ದೆಯಡಿ 1994ರಲ್ಲಿ ಹೊರಬಂದ ಮಾನದಂಡ ದೇಶದ ನೆಲವನ್ನೇ ಮೂರು ಜಾತಿಗಳಾಗಿ ವಿಂಗಡಿಸಿತ್ತು. ತೇಲುವ ಧೂಳಿನ ವಾರ್ಷಿಕ ಮಿತಿ ಕೈಗಾರಿಕಾ ಪ್ರದೇಶದಲ್ಲಿ 360, ವಸತಿ ಮತ್ತು ಗ್ರಾಮೀಣ ಪ್ರದೇಶದಲ್ಲಿ 140, ಸೂಕ್ಷ್ಮ ಪ್ರದೇಶದಲ್ಲಿ 70. ಕಾರ್ಖಾನೆಯ ಗೋಡೆಗೆ ಒರಗಿದ ಗುಡಿಸಲಿನಲ್ಲಿ ಮಲಗುವ ಕೂಲಿಕಾರನ ಎದೆ ಉಳಿದವರಿಗಿಂತ ಎರಡೂವರೆ ಪಟ್ಟು ಗಟ್ಟಿ ಎಂದು ನಂಬಿದವರು ಬರೆದ ಕೋಷ್ಟಕವದು! 2009ರ ನವೆಂಬರಿನ ಅಧಿಸೂಚನೆ ಕೈಗಾರಿಕೆ-ವಸತಿ ಭೇದವನ್ನು ಅಳಿಸಿತು, ಸೂಕ್ಷ್ಮಧೂಳಿಗೆ ಮೊದಲ ಬಾರಿ ಮಿತಿ ಹಾಕಿತು. ಆ ಮಟ್ಟಿಗೆ ಅದು ಸ್ವಾಗತಾರ್ಹ. ಆದರೆ ಆರಿಸಿಕೊಂಡ ಸಂಖ್ಯೆ 40. ಬಡ ದೇಶಗಳು ಒಮ್ಮೆಲೇ ಗುರಿ ಮುಟ್ಟಲಾರವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಮಧ್ಯಂತರ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ಅವುಗಳಲ್ಲಿ ಅತಿ ಸಡಿಲವಾದುದು 35. ಭಾರತದ ಮಾನದಂಡ ಆ ಮೊದಲ ಮೆಟ್ಟಿಲನ್ನೂ ಇನ್ನೂ ಹತ್ತಿಲ್ಲ.

ಭೌಗೋಳಿಕ ಸ್ಥಿತಿ, ಸಹಜ ಧೂಳು, ಆರ್ಥಿಕ ಸಾಮರ್ಥ್ಯ ಇವುಗಳನ್ನು ನೋಡಿ ಪ್ರತಿ ದೇಶವೂ ತನ್ನ ಮಾನದಂಡವನ್ನು ರೂಪಿಸಿಕೊಳ್ಳಬಹುದು ಎಂಬುದು ಸರ್ಕಾರದ ಸಮರ್ಥನೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದಕ್ಕೆ ಅವಕಾಶವಿತ್ತಿದೆ, ನಿಜ. ಆದರೆ ಆಗ ಹೇಳಬೇಕಾದುದು ‘ಸದ್ಯಕ್ಕೆ ಇಷ್ಟು ಮಾತ್ರ ಸಾಧ್ಯ’ ಎಂದು. ‘ಇಷ್ಟಿದ್ದರೆ ಆರೋಗ್ಯಕ್ಕೆ ತೃಪ್ತಿಕರ’ ಎಂದಲ್ಲ. ದೇಹಕ್ಕೆ ಯಾವುದು ಸುರಕ್ಷಿತ ಎಂಬುದು ವೈದ್ಯಕೀಯ ಪ್ರಶ್ನೆ. ಅದನ್ನು ಎಷ್ಟು ವರ್ಷಗಳಲ್ಲಿ ಮುಟ್ಟಬೇಕು, ಯಾರು ಹಣ ತೆರಬೇಕು ಎಂಬುದು ಆಡಳಿತದ ಪ್ರಶ್ನೆ. ಅಮೆರಿಕದಲ್ಲಿ ಲಾರಿ ಸಾಗಣೆದಾರರ ಸಂಘ ಹೂಡಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ಸರ್ವಾನುಮತದಿಂದ ಎತ್ತಿಹಿಡಿದುದು ಇದನ್ನೇ: ಗಾಳಿಯ ಆರೋಗ್ಯ ಮಾನದಂಡವನ್ನು ನಿಗದಿಪಡಿಸುವಾಗ ವೆಚ್ಚದ ಲೆಕ್ಕವನ್ನು ಒಳಗೆ ತರುವಂತಿಲ್ಲ. ಭಾರತದಲ್ಲಿ ಎರಡು ಪ್ರಶ್ನೆಗಳನ್ನೂ ಒಂದೇ ಬಟ್ಟಲಲ್ಲಿ ಕಲಸಿ ಒಂದು ಸಂಖ್ಯೆ ತೆಗೆಯಲಾಗಿದೆ.

ಸಾಕ್ಷ್ಯ ಸಾಲದು ಎಂಬ ವಾದವೂ ಉಂಟು. ಮಾಲಿನ್ಯದಿಂದ ಆಯುಷ್ಯ ಕುಗ್ಗುತ್ತದೆಂದು ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲವೆಂದು ಅಂದಿನ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದ್ದರು. ಸರ್ಕಾರದ್ದೇ ಆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪಾಲ್ಗೊಂಡಿದ್ದ ಅಧ್ಯಯನವೊಂದು, 2017ರಲ್ಲಿ ದೇಶದ ಸುಮಾರು 12.4 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣವೆಂದು ಆಗಲೇ ಪ್ರಕಟಿಸಿ ಒಂದು ವರ್ಷವಾಗಿತ್ತು. ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಕಾಲದಿಂದಲೂ ಈ ಭಾಗದ ಜನರಿಗೆ ‘ಸಾಕ್ಷ್ಯವಿಲ್ಲ’ ಎಂಬ ಪದದ ಪರಿಚಯ ಚೆನ್ನಾಗಿಯೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ಆ ಪದವೇ ವಿಷಕ್ಕೆ ಕಾವಲಾಗಿತ್ತು.

ಸಂಖ್ಯೆಯ ಆಯ್ಕೆಯಿಂದ ಏನಾಗುತ್ತದೆಂಬುದನ್ನು 2024ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ, 655 ಜಿಲ್ಲೆಗಳನ್ನು ಒಳಗೊಂಡ ಅಧ್ಯಯನ ತೆರೆದಿಟ್ಟಿದೆ. 2009ರಿಂದ 2019ರವರೆಗಿನ ಅವಧಿಯಲ್ಲಿ 40ರ ಗೆರೆಯನ್ನು ದಾಟಿದ ಮಾಲಿನ್ಯಕ್ಕೆ ಬಲಿಯಾದವರು ಸುಮಾರು 38 ಲಕ್ಷ. ಗೆರೆಯನ್ನು 5ರಲ್ಲಿ ಎಳೆದರೆ ಅದೇ ಲೆಕ್ಕ 1 ಕೋಟಿ 66 ಲಕ್ಷ. ನಡುವಿನ ಒಂದೂಕಾಲು ಕೋಟಿಗೂ ಮಿಕ್ಕ ಜನರ ಸಾವು ಸರ್ಕಾರಿ ಮಾನದಂಡದ ಕಣ್ಣಿಗೆ ಬೀಳುವುದೇ ಇಲ್ಲ.

ಇದು ದಿಲ್ಲಿಯ ಗೋಳು, ಮಲೆನಾಡಿಗೇನು ಎನ್ನುವವರು 2009ರ ಕೋಷ್ಟಕದ ಇನ್ನೊಂದು ಕಾಲಂ ಓದಬೇಕು. ಕೇಂದ್ರವು ಅಧಿಸೂಚಿಸಿದ ಪರಿಸರ ಸೂಕ್ಷ್ಮ ಪ್ರದೇಶಗಳಲ್ಲಿ ಸಲ್ಫರ್ ಡೈಆಕ್ಸೈಡಿನ ವಾರ್ಷಿಕ ಮಿತಿ 50ರ ಬದಲು 20, ನೈಟ್ರೋಜನ್ ಡೈಆಕ್ಸೈಡಿನದು 40ರ ಬದಲು 30. ಕಾರಣ ಸ್ಪಷ್ಟ. ಅಡಿಕೆ ಮರದ ಕಾಂಡದ ಮೇಲೆ ಬೂದುಬಿಳಿ ತೇಪೆಯಂತೆ ಅಂಟಿಕೊಳ್ಳುವ ಕಲ್ಲುಹೂವಿನ ಜಾತಿಯ ಜೀವಿಗಳಿಗೆ ಬೇರಿಲ್ಲ. ಅವು ನೀರು, ಆಹಾರಗಳನ್ನು ಗಾಳಿ-ಮಳೆಗಳಿಂದಲೇ ಹೀರಿಕೊಳ್ಳುತ್ತವೆ, ಗಂಧಕದ ಹೊಗೆಗೆ ಮೊದಲು ಸಾಯುತ್ತವೆ. ಆದರೆ ಸೂಕ್ಷ್ಮಧೂಳಿಗೆ ಆ ಕಾಲಂನಲ್ಲಿಯೂ 40 ಎಂದೇ ಇದೆ! ಪಶ್ಚಿಮಘಟ್ಟದ ಬಗೆಗಿನ ಕರಡು ಅಧಿಸೂಚನೆಯೋ 2014ರಿಂದ 2024ರವರೆಗೆ ಆರು ಬಾರಿ ಹೊರಟು ಕರಡಾಗಿಯೇ ಉಳಿದಿದೆ. ಒಕ್ಕಲೆಬ್ಬಿಸುತ್ತಾರೆಂಬ ರೈತರ ಭಯವನ್ನು ಬಳಸಿಕೊಂಡು ಗಣಿ, ಕ್ವಾರಿಗಳ ಧಣಿಗಳು ಅದರ ಹಿಂದೆ ನಿಂತಿದ್ದಾರೆ. ಹೀಗಾಗಿ ಅಭಯಾರಣ್ಯಗಳ ಅಂಚಿನ ಪಟ್ಟಿಗಳನ್ನು ಬಿಟ್ಟರೆ ಮಲೆನಾಡಿನ ಹಳ್ಳಿಗಳಿಗೆ ಆ ಬಿಗಿ ಮಿತಿಯೂ ದಕ್ಕಿಲ್ಲ.

ಮಿತಿ ದಕ್ಕಿದರೂ ಅಳೆಯುವವರಾರು? 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಿಸಿಕೊಂಡದ್ದು ಸುಮಾರು 130 ನಗರಗಳನ್ನು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಹಳ್ಳಿಯ ಗಾಳಿ ಶುದ್ಧವೆಂಬುದು ಅಳೆದು ಹೇಳಿದ ಮಾತಲ್ಲ, ಊಹೆ. ಚಳಿಗಾಲದ ರಾತ್ರಿ ಗುಡ್ಡದ ತಂಪುಗಾಳಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಬೆಚ್ಚನೆಯ ಪದರ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ತಳದಲ್ಲಿ ಹುಟ್ಟಿದ ಹೊಗೆ, ಧೂಳು ಬಿಸಿಲೇರುವವರೆಗೂ ಕದಲುವುದಿಲ್ಲ. ಅಡಿಕೆ ಸುಗ್ಗಿಯೂ ಅದೇ ಕಾಲ. ಬೇಯಿಸುವ ಒಲೆಗಳ ಜೊತೆಗೆ ಅಂಗಳದಂಚಿನಲ್ಲಿ ದಿನಗಟ್ಟಲೆ ಹೊಗೆಯಾಡುವ ಸಿಪ್ಪೆಯ ರಾಶಿಯೂ ಸೇರುತ್ತದೆ. ಎರೆಗೊಬ್ಬರವಾಗಬಲ್ಲ ಸಿಪ್ಪೆಗೆ ಬೆಂಕಿಯಿಡುವ ತೋಟಿಗರೂ ಈ ಲೆಕ್ಕದಿಂದ ಹೊರಗಿಲ್ಲ. ಕ್ರಷರಿನವನನ್ನಷ್ಟೇ ಬೈದರೆ ಗಾಳಿ ತಿಳಿಯಾಗದು.

ಆದರೂ ಕ್ರಷರಿನ ಪಾಲು ಬೇರೆಯೇ. ಪರಿಸರ ಸಂರಕ್ಷಣಾ ನಿಯಮಗಳು ಜಲ್ಲಿ ಕ್ರಷರುಗಳಿಗೆ ಹಾಕಿಕೊಟ್ಟ ಮಿತಿ, ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ತೇಲುವ ಧೂಳು 600 ಮೈಕ್ರೋಗ್ರಾಂ ಮೀರಬಾರದೆಂಬುದು. ಯಂತ್ರದ ಬುಡದಲ್ಲಿ ಅಳೆದ ಒರಟು ಧೂಳಿನ ಲೆಕ್ಕದಿಂದ ಕೆಳಗಿನ ಶಾಲೆಯ ಮಕ್ಕಳ ಎದೆಗೆ ಏನಿಳಿಯಿತೆಂದು ಹೇಳಲು ಬಾರದು.

ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗವೆಂದು 1991ರಲ್ಲೇ ಸುಪ್ರೀಂ ಕೋರ್ಟ್ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವಾರ್ಷಿಕ ಸರಾಸರಿಗೆ ವಾರಕ್ಕೆರಡರಂತೆ ವರ್ಷಕ್ಕೆ ಕನಿಷ್ಠ 104 ಅಳತೆಗಳು ಬೇಕೆಂದು 2009ರ ಅಧಿಸೂಚನೆಯೇ ವಿಧಿಸಿದೆ. ಹೊಸ ಕ್ರಷರಿಗೆ ಅರ್ಜಿ ಬಂದಾಗ ಗ್ರಾಮಸಭೆಗಳು ಕೇಳಬೇಕಾದುದು ಈ 104 ಅಳತೆಗಳನ್ನು. ಅಳೆಯಬೇಕಾದುದು ಯಂತ್ರದ ಬಳಿಯಲ್ಲ, ಶಾಲೆಯ ಅಂಗಳದಲ್ಲಿ. ಪರವಾನಗಿಯ ಮೊದಲು ಒಂದು ವರ್ಷ, ಅನಂತರ ಪ್ರತಿ ವರ್ಷ. ಅಳತೆಯ ಹಾಳೆಯಲ್ಲಿ 40ರ ಪಕ್ಕದಲ್ಲೇ 5 ಎಂದೂ ಬರೆದಿರಬೇಕು.