ನೀರಿನ ಜಾಡು ಹಿಡಿದು

ಪರಸ್ಥಳದಿಂದ ನೆಂಟರು ಬಂದಾಗ ಬೆಂಗಳೂರಿನ ಗೃಹಸ್ಥನು ಅವರಿಗೆ ತೋರಿಸುವ ಊರೇ ಬೇರೆ. ಬಿಡುವಾದಾಗ ತಾನೊಬ್ಬನೇ ನೋಡಿಬರುವ ಊರೇ ಬೇರೆ. ನೆಂಟರಿಗೆ ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗಿನ ಗಾಜಿನ ಮನೆ; ಸಂಜೆಗೆ ಒಂದೊಂದು ಮಸಾಲೆ ದೋಸೆ. ಅವರಿಗೂ ತೃಪ್ತಿ, ಇವನಿಗೂ ಕರ್ತವ್ಯ ತೀರಿಸಿದ ಸಮಾಧಾನ. ಆದರೆ ಹುಟ್ಟಿದೂರಿನ ಮೇಲೆ ಮಮತೆಯುಳ್ಳವನಿಗೆ ಅಷ್ಟರಿಂದ ಹಸಿವು ಹಿಂಗದು. ಅಂಥವನು ಭಾನುವಾರದ ಬೆಳಗ್ಗೆ ಚಪ್ಪಲಿ ಮೆಟ್ಟಿ ಹೊರಟನೆಂದರೆ ನೀರಿನ ಜಾಡನ್ನೇ ಹಿಡಿಯುತ್ತಾನೆ.

ದೊಡ್ಡ ಹೊಳೆಯೊಂದೂ ಹರಿಯದ ಊರಿನಲ್ಲಿ ನೀರಿನ ಜಾಡೆಲ್ಲಿ ಎಂದು ವಾಚಕರು ನಗಬಹುದು. ಹೊಳೆಯಿಲ್ಲದುದರಿಂದಲೇ ಈ ಊರು ಕೆರೆಗಳನ್ನು ಕಟ್ಟಿಕೊಂಡಿತು. ಇದು ಮನಸ್ಸಿಗೆ ಹತ್ತಬೇಕಾದರೆ ಮೊದಲು ಲಾಲ್‌ಬಾಗಿನ ಬಂಡೆಯನ್ನು ಹತ್ತಬೇಕು. ಸುಮಾರು 300 ಕೋಟಿ ವರ್ಷ ವಯಸ್ಸಿನ ಶಿಲೆ ಅದು. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ದಿಣ್ಣೆಯ ಮೇಲೆ ಬಿದ್ದ ಮಳೆ ನಾನಾ ಕಡೆಗೆ ಇಳಿದುಹೋಗುತ್ತದೆ. ಇಳಿಯುವ ನೀರಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬುವಂತೆ, ಹಾರದ ಮಣಿಗಳಂತೆ ಹಿಂದಿನವರು ಕೆರೆಗಳನ್ನು ಪೋಣಿಸಿದರು.

ಬಂಡೆಯಿಂದಿಳಿದು ಪಶ್ಚಿಮಕ್ಕೆ ನಡೆದರೆ ಬಸವನಗುಡಿಯ ದೊಡ್ಡ ಬಸವಣ್ಣ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವ ಜನಕ್ಕೆ ಲೆಕ್ಕವಿಲ್ಲ. ವೃಷಭಾವತಿಯು ಈ ಬಸವನ ಪಾದದಡಿ ಹುಟ್ಟಿದವಳೆಂಬುದು ಹಳೆಯ ನಂಬಿಕೆ. ಮೈಸೂರು ರಸ್ತೆಯಲ್ಲಿ ಮೂಗಿಗೆ ವಸ್ತ್ರ ಹಿಡಿದು ಸಾಗುವ ಪ್ರಯಾಣಿಕರಲ್ಲಿ, ಪಕ್ಕದ ಕಪ್ಪು ಮೋರಿಯೇ ಆಕೆಯೆಂದು ಬಲ್ಲವರೆಷ್ಟು ಮಂದಿ? ಆಕೆ ಅರ್ಕಾವತಿಯನ್ನು ಸೇರಿ, ಅರ್ಕಾವತಿ ಕಾವೇರಿಯನ್ನು ಸೇರುತ್ತಾಳೆ. 1974ರಿಂದ ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಮೇಲೆತ್ತಿ ತಂದು ಕುಡಿಯುತ್ತಿರುವ ಊರು, ತನ್ನ ಮನೆಮಗಳಿಗೆ ಕೊಳೆಯ ಮಡಿಲು ತುಂಬಿ ಅದೇ ಕಾವೇರಿಗೆ ಕಳುಹಿಸುತ್ತಿದೆ!

ಸಮೀಪದಲ್ಲೇ ಕೆಂಪಾಂಬುಧಿ. ಅದರ ಬದಿಯಲ್ಲೂ ಲಾಲ್‌ಬಾಗಿನಲ್ಲಿರುವಂಥ ಗೋಪುರವೊಂದುಂಟು. ಬಡವಾಗಿದ್ದರೂ ಇದು ಇನ್ನೂ ಕೆರೆಯಾಗಿಯೇ ಉಳಿದಿದೆ. ಧರ್ಮಾಂಬುಧಿಗೆ ಆ ಭಾಗ್ಯವಿಲ್ಲ. ಅದನ್ನು ನೋಡಲು ಸಿಟಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿಳಿದರೆ ಸಾಕು. ಅಲ್ಲಿಗೆ ಮೊಮ್ಮಗನನ್ನು ಕರೆತಂದ ಅಜ್ಜನಿಗೆ, “ತಾತ, ಕೆರೆ ಎಲ್ಲಿ?” ಎಂಬ ಪ್ರಶ್ನೆ ತಪ್ಪಿದ್ದಲ್ಲ. “ನೀನು ನಿಂತಿರೋದೇ ಕೆರೆಯಂಗಳದಲ್ಲಪ್ಪಾ!” ಎಂದು ಅವನು ಹೇಳಬೇಕು. ಕೆರೆ ಹೋಗಿ ಬಸ್ಸು ನಿಲ್ದಾಣವಾಯಿತು. ಏರಿಯ ನೆನಪು ಮಾತ್ರ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರಿನಲ್ಲಿ ಉಳಿದುಕೊಂಡಿದೆ.

ಸಂಪಂಗಿ ಕೆರೆಯ ಕಥೆಯೂ ಅದೇ. ಅದರ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಆದರೆ ಮೂಲೆಯಲ್ಲಿ ಒಂದು ಪುಟ್ಟ ಕೊಳವನ್ನು ಉಳಿಸಿದ್ದಾರೆ. ಕಾರಣ ಕರಗ. ಚೈತ್ರದ ಹುಣ್ಣಿಮೆಯ ಆ ಉತ್ಸವವನ್ನು ನಡೆಸುವ ತಿಗಳರು ಪರಂಪರೆಯಿಂದ ತೋಟಗಾರರು. ನೀರನ್ನು ನೆಚ್ಚಿ ಬಾಳಿದವರು. ಅವರ ವಿಧಿಗಳಿಗೆ ಸಂಪಂಗಿಯ ನೀರು ಬೇಕು. ನಕ್ಷೆಯಿಂದ ಅಳಿಸಿಹೋದುದನ್ನು ಒಂದು ಹಬ್ಬವು ಕೈಬಿಡದೆ ಹಿಡಿದುಕೊಂಡಿದೆ.

ನಡೆದು ದಣಿದವನಿಗೆ ಕಡೆಯ ತಾಣ ಮಲ್ಲೇಶ್ವರ. ಕಾಡು ಮಲ್ಲೇಶ್ವರನ ಗುಡಿಯೆದುರಿಗೆ ಮಣ್ಣಿನಲ್ಲಿ ಹೂತುಹೋಗಿದ್ದ ನಂದಿತೀರ್ಥವು 1990ರ ದಶಕದ ಕೊನೆಗೆ ಅಗೆತದಲ್ಲಿ ಬೆಳಕಿಗೆ ಬಂದಿತು. ನಂದಿಯ ಬಾಯಿಂದ ಲಿಂಗದ ಮೇಲೆ ಬಿದ್ದ ನೀರು ಕಲ್ಯಾಣಿಗಿಳಿಯುತ್ತದೆ. ಮೆಟ್ಟಿಲ ಮೇಲೆ ಕುಳಿತು ಆ ಸದ್ದನ್ನು ಕೇಳುವವನಿಗೆ, ಊರಿನ ಗದ್ದಲ ಒಂದು ಗಳಿಗೆ ದೂರವಾಗುತ್ತದೆ.

ಇಷ್ಟೆಲ್ಲ ಅಲೆದಾಟದಿಂದ ಏನು ಪ್ರಯೋಜನ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದಾಗ ಜನರು ಟ್ರ್ಯಾಕ್ಟರುಗಳಲ್ಲಿ ಕಚೇರಿಗೆ ಹೋದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾದರು. ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು: ಮಳೆ ಬಂದಾಗ ನೀರಿಗೆ ನಿಲ್ಲಲು ಎಡೆಯಿಲ್ಲ; ಹೋದ ಮೇಲೆ ಊರಿಗೆ ನೀರಿಲ್ಲ.

ಬರುವ ಭಾನುವಾರ ಗೃಹಸ್ಥರು ಮಕ್ಕಳೊಡನೆ ಮನೆಯಿಂದ ತಗ್ಗಿನ ಕಡೆಗೆ ನಡೆದು ನೋಡಲಿ. ತಮ್ಮ ಬೀದಿಯ ಮಳೆನೀರು ಯಾವ ಕೆರೆಗೆ ಹೋಗುತ್ತಿತ್ತು, ಈಗೆಲ್ಲಿಗೆ ಹೋಗುತ್ತಿದೆ ಎಂದು ವಿಚಾರಿಸಲಿ. ಕೆರೆ ಉಳಿದಿದ್ದರೆ ಅದರ ಹೆಸರನ್ನು ಮಕ್ಕಳ ಬಾಯಲ್ಲಿ ಹೇಳಿಸಲಿ. ಹೆಸರು ಬಲ್ಲ ಕೆರೆಯನ್ನು ಮುಚ್ಚಲು ಯಾರಾದರೂ ಬಂದರೆ, ಬೇಡವೆನ್ನಲು ನಾಲ್ಕು ಮಂದಿಯಾದರೂ ಏರಿಯ ಮೇಲೆ ನಿಲ್ಲುತ್ತಾರೆ.