ಬಾಸ್ ಇಲ್ಲದ ಊರಿನಲ್ಲಿ ಬಾಸ್ ಗಾಳ

ವಡೋದರಾದಿಂದ ಒಂದು ಗಂಟೆ ದೂರದ ಹಳ್ಳಿಕೆರೆ. ಕಳೆದ ಜುಲೈನ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ನಾವು ಐದು ಜನ. ಇಬ್ಬರು ಅಹಮದಾಬಾದಿನವರು, ಒಬ್ಬ ಸೂರತ್ತಿನಿಂದ ರಾತ್ರಿಯೇ ಕಾರು ಹೊಡೆದುಕೊಂಡು ಬಂದವನು, ಉಳಿದಿಬ್ಬರು ವಡೋದರಾದವರು. ಐವರ ಕೈಯಲ್ಲೂ ಜಪಾನಿನ ರೀಲು, ಬೆನ್ನಿನ ಚೀಲದಲ್ಲಿ ಜಪಾನಿನ ಲೂರು. ಕೆರೆಯ ಮೂಲೆಯಲ್ಲಿ, ತಾವರೆ ಎಲೆಗಳ ನಡುವೆ, ನೀರು ಸಣ್ಣಗೆ ಕುದಿಯುತ್ತಿರುವ ಹಾಗೆ ಕಂಡಿತು. ಹತ್ತಿರ ಹೋದರೆ ಕಿತ್ತಳೆ ಬಣ್ಣದ ನೂರಾರು ಮರಿಗಳು ಒಂದೇ ಉಂಡೆಯಾಗಿ ಮೇಲೆ ಬಂದು ಉಸಿರು ಕಚ್ಚಿ ಮತ್ತೆ ಕೆಳಗಿಳಿಯುತ್ತಿದ್ದವು. ಕೊರವ ಮೀನಿನ ಮರಿಗಳು.

ಕೊರವದ ಸಂಸಾರ ನೋಡಿದವರಿಗೆ ಗೊತ್ತು, ಮರಿಗಳ ಉಂಡೆ ಎಲ್ಲಿದೆಯೋ ಅದರ ಅಡಿಯಲ್ಲೇ ಅಪ್ಪ ಅಮ್ಮ ಇರುತ್ತವೆ. ಮೇಲೆ ಏನು ಬಿದ್ದರೂ ಹಸಿವಿಗಲ್ಲ, ಸಿಟ್ಟಿಗೆ ಹೊಡೆಯುತ್ತವೆ. ಸೂರತ್ತಿನ ಗೆಳೆಯ ರಬ್ಬರ್ ಕಪ್ಪೆಯನ್ನು ಉಂಡೆಯ ಮೇಲೆ ಎಸೆದ. ಮೂರನೇ ಎಸೆತಕ್ಕೆ ಏಟು ಬಿತ್ತು. ಮೀನನ್ನು ದಡಕ್ಕೆಳೆದು, ಬಾಯಿ ಬಿಡಿಸಿ, ತೂಕ ಹಾಕಿ, ಫೋಟೋ ತೆಗೆದು, ವಿಡಿಯೋ ಮಾಡಿ, ವಾಪಸು ನೀರಿಗೆ ಬಿಟ್ಟ. ಕ್ಯಾಚ್ ಅಂಡ್ ರಿಲೀಸ್. ಮೀನು ಕೆಸರಿನೊಳಗೆ ನುಗ್ಗಿ ಮಾಯವಾಯಿತು. ಅಷ್ಟರಲ್ಲಿ ಮರಿಗಳಿದ್ದ ಜಾಗದಲ್ಲಿ ಎರಡು ಬೆಳ್ಳಕ್ಕಿ ಇಳಿದಿದ್ದವು.

ಎಮ್ಮೆ ಮೇಯಿಸಲು ಬಂದ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದರು. 'ಏ ತೋ ಬಚ್ಚಾವಾಳೀ ಛೆ' ಅಂದರು. ಅದು ಮಕ್ಕಳೊಂದಿಗಳು ಅಂತ. ನಮ್ಮಲ್ಲಿ ಒಬ್ಬ ನಕ್ಕು, 'ಕಾಕಾ, ಬಿಟ್ಟೆವಲ್ಲ' ಎಂದ. ಮುದುಕರು ಮಾತು ಬೆಳೆಸಲಿಲ್ಲ.

ನನಗೆ ನೆನಪಾದದ್ದು ಕುಂದಾಪುರದ ಕಡೆಯ ನನ್ನ ಮಾವ. ಮಳೆಗಾಲದ ಗದ್ದೆಬದಿಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತಿದ್ದ ಮನುಷ್ಯ. ಅವರು ಯಾವ ಮೀನನ್ನೂ ವಾಪಸು ಬಿಟ್ಟದ್ದು ನಾನು ನೋಡಿಲ್ಲ. ಆದರೆ ಹೀಗೊಂದು ಉಂಡೆ ಕಂಡಾಗ ನನ್ನ ಕೈ ಹಿಡಿದು, 'ಮರಿ ಇಪ್ಪ ಮೀನಿಗೆ ಗಾಳ ಹಾಕೂಕಾಗ ಮಾರಾಯ' ಅಂದಿದ್ದರು. ತಿನ್ನುವವನಿಗೆ ಇದ್ದ ಕಟ್ಟುಪಾಡು ಆಟವಾಡುವ ನಮಗೆ ಇಲ್ಲದೆ ಹೋಯಿತು. ನನ್ನ ಜಗಳ ಇಲ್ಲಿಂದ ಶುರು. ಅದು ನನ್ನ ಮೇಲಿನ ಜಗಳವೂ ಹೌದು, ಆ ಕಪ್ಪೆಯನ್ನು ಹಿಂದಿನ ವರ್ಷ ನಾನೂ ಹಾಗೇ ಎಸೆದಿದ್ದೆ.

ಗುಜರಾತಿನ ಈ ಮೂರು ನಗರಗಳಲ್ಲಿ ಜಪಾನಿ ಗಾಳದ ಹುಚ್ಚು ಹಿಡಿದವರು ತುಂಬ ಜನ ಇಲ್ಲ. ಆದರೆ ಇರುವವರ ನಂಬಿಕೆ ಗಟ್ಟಿ. ಯೂಟ್ಯೂಬಿನಲ್ಲಿ ಬೀವಾ ಸರೋವರದ ವಿಡಿಯೋ ನೋಡಿ, ಹಮಾಮಾತ್ಸುವಿನ ಮೆಗಾಬಾಸ್ ಕಂಪನಿಯ ಜರ್ಕ್‌ಬೈಟಿಗೆ ಎರಡು ಸಾವಿರಕ್ಕಿಂತ ಹೆಚ್ಚು ಕೊಟ್ಟು, ಡೌನ್‌ಶಾಟ್, ನೆಕೊ ರಿಗ್ ಅಂತ ಹೆಸರು ಕಲಿತು ಕೆರೆಗೆ ಹೋಗುತ್ತಾರೆ. ಡೌನ್‌ಶಾಟ್ ಎಂದರೆ ದಾರದ ತುದಿಗೆ ತೂಕ, ಒಂದು ಗೇಣು ಮೇಲೆ ಕೊಕ್ಕೆ. ತೂಕ ನೆಲದ ಮೇಲೆ ಕೂತಿದ್ದರೂ ಮೆತ್ತನೆಯ ಹುಳು ನೀರಿನಲ್ಲಿ ತೂಗುತ್ತಲೇ ಇರುತ್ತದೆ. ನೆಕೊ ರಿಗ್‌ನಲ್ಲಿ ಹುಳುವಿನ ಒಂದು ತುದಿಗೆ ಮೊಳೆಯಂಥ ತೂಕ ಚುಚ್ಚಿ, ಕೊಕ್ಕೆಯನ್ನು ನಡುವಿಗೆ ಹಾಕುತ್ತಾರೆ. ಹುಳು ತಲೆಕೆಳಗಾಗಿ ನೆಲ ಕುಕ್ಕುತ್ತದೆ. ಜಾಣ ಉಪಾಯಗಳು, ಅನುಮಾನವಿಲ್ಲ. ಆದರೆ ಜಪಾನಿನ ಚಿಕ್ಕ ಕೆರೆಗಳಲ್ಲಿ ದಿನವೂ ಹತ್ತಾರು ಗಾಳ ಕಂಡು ಕಂಡು ಹುಷಾರಾದ ಬಾಸ್ ಮೀನಿಗಾಗಿ, ತಿಳಿನೀರಿಗಾಗಿ, ತೆಳ್ಳನೆಯ ದಾರದ ಮೇಲೆ ಬೆಳೆದ ಉಪಾಯಗಳು. ನಮ್ಮ ಕೆರೆಗಳಲ್ಲಿ ತಾವರೆ, ಅಂತರಗಂಗೆ, ಎಮ್ಮೆ ಕಲಕಿದ ಕೆಸರು. ಇಲ್ಲಿ ತೆಳ್ಳನೆಯ ದಾರ ಹಾಕಿದರೆ ಕೊರವ ಅದನ್ನು ಬಳ್ಳಿಗೆ ಸುತ್ತಿ ಕಡಿದು, ಬಾಯಲ್ಲಿ ಮೂರು ಮೊನೆಯ ಕೊಕ್ಕೆ ಹೊತ್ತುಕೊಂಡೇ ಹೋಗುತ್ತದೆ. ಎರಡು ಸಾವಿರ ರೂಪಾಯಿ ಹೋಯಿತೆಂದು ನಾವು ವಾರವಿಡೀ ಗೋಳಾಡುತ್ತೇವೆ. ಮೀನಿನ ಬಾಯಿಯ ಬಗ್ಗೆ ಯಾರೂ ಗೋಳಾಡಿದ್ದು ಕೇಳಿಲ್ಲ.

ಬಾಸ್ ಜಪಾನಿನದ್ದೂ ಅಲ್ಲ. ಅದು ಅಮೆರಿಕದ ಮೀನು. 1925ರಲ್ಲಿ ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ತಂದು ಆಶಿ ಸರೋವರಕ್ಕೆ ಬಿಟ್ಟದ್ದು. ಆಮೇಲೆ ಅದು ದೇಶದ ತುಂಬ ಹರಡಿತು, ಹರಡಿಸಿದರು. 2009ರ ಜುಲೈ 2ರಂದು ಕುರಿತಾ ಮನಾಬು ಎಂಬವರು ಬೀವಾದಲ್ಲಿ ಹತ್ತು ಕಿಲೋ ದಾಟಿದ ಬಾಸ್ ಹಿಡಿದು, 1932ರಿಂದ ಅಮೆರಿಕದ ಹೆಸರಿನಲ್ಲಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿದರು. ನಮ್ಮ ಗುಂಪಿನಲ್ಲಿ ಈ ಕಥೆ ಎಲ್ಲರಿಗೂ ಬಾಯಿಪಾಠ. ಅದೇ ಬೀವಾ ಇರುವ ಶಿಗಾ ಪ್ರಾಂತ ಹಿಡಿದ ಬಾಸನ್ನು ನೀರಿಗೆ ವಾಪಸು ಬಿಡಬಾರದೆಂದು 2003ರಿಂದ ನಿಯಮ ಮಾಡಿದೆ, 2005ರಿಂದ ಇಡೀ ಜಪಾನಿನಲ್ಲಿ ಅದು ಕಾನೂನಿನ ಪ್ರಕಾರ ಆಕ್ರಮಣಕಾರಿ ಅನ್ಯದೇಶೀಯ ಜೀವಿ, ಸಾಕುವಂತಿಲ್ಲ, ಜೀವಂತ ಸಾಗಿಸುವಂತಿಲ್ಲ, ಬಿಡುವಂತಿಲ್ಲ. ಅಲ್ಲಿನ ಊರಮೀನುಗಳ ಸಂತಾನವನ್ನೇ ಅದು ನುಂಗುತ್ತಿದೆ ಎಂಬುದು ಕಾರಣ. ಈ ಅರ್ಧ ಕಥೆ ಯಾರಿಗೂ ಬಾಯಿಪಾಠವಿಲ್ಲ.

ಇಲ್ಲದೆ ಏನಾಗುತ್ತದೆ? ನಮ್ಮದೇ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು, ಯಾರೆಂದು ಹೇಳುವುದಿಲ್ಲ, ತಮ್ಮ ಫಾರ್ಮ್‌ಹೌಸಿನ ಹೊಂಡಕ್ಕೆ ಬಾಸ್ ಮರಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹದಿನಾಲ್ಕು ಹೆಬ್ಬೆರಳು ಬಿದ್ದವು. ಹೊಂಡದ್ದು ಹೊಂಡದಲ್ಲೇ ಇರುತ್ತದೆ ಎಂದು ಒಬ್ಬರು ವಾದಿಸಿದರು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ಬಡಾವಣೆಗಳಿಗೆ ಮೊಸಳೆ ನುಗ್ಗಿದ್ದನ್ನು ಕಣ್ಣಾರೆ ಕಂಡ ಊರಿನವರು ಆಡುವ ಮಾತೇ ಇದು? ಮೊಸಳೆಯೇ ನಿಲ್ಲದ ಕಡೆ ಬೆರಳುದ್ದದ ಮರಿ ನಿಲ್ಲುತ್ತದೆಯೇ? ನಿಷೇಧಿಸಿದ ಮೇಲೂ ಆಫ್ರಿಕದ ಕ್ಯಾಟ್‌ಫಿಶ್ ನಮ್ಮ ಹೊಳೆಗಳಲ್ಲಿ ಸಿಗುತ್ತಿರುವುದು ಯಾರದೋ ಹೊಂಡದಿಂದಲೇ.

ದುರುದ್ದೇಶ ಇಲ್ಲದೆಯೂ ಇದು ನಡೆಯುತ್ತದೆ. ಕರ್ನಾಟಕದ ಓದುಗರಿಗೆ ಕಾವೇರಿಯ ಉದಾಹರಣೆಯೇ ಸಾಕು. ಭೀಮೇಶ್ವರಿ, ಗಾಳಿಬೋರೆಗಳ ದೊಡ್ಡ ಬಿಳಿಮೀನು, ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್, ಜಗತ್ತಿನ ಗಾಳಗಾರರನ್ನೆಲ್ಲ ಕರೆಸಿಕೊಂಡಿತ್ತು. ಅದೇ ನದಿಗೆ ಒಳ್ಳೆಯ ಮನಸ್ಸಿನಿಂದಲೇ ಲೋಣಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಬಿಟ್ಟರು. ಗಾಳಗಾರರ ಶಿಬಿರದ ದಾಖಲೆಪುಸ್ತಕಗಳನ್ನು ಆಮೇಲೆ ವಿಜ್ಞಾನಿಗಳು ಕೂತು ಓದಿದಾಗ, ವರ್ಷದಿಂದ ವರ್ಷಕ್ಕೆ ನೀಲಿ ಏರುತ್ತಾ ಗೂನುಬೆನ್ನು ಇಳಿಯುತ್ತಾ ಹೋದದ್ದು ಕಂಡಿತು. 2018ರಲ್ಲಿ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು, ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹಾಗೆ ನೋಡಿದರೆ ಆ ದಾಖಲೆ ಬರೆದಿಟ್ಟವರು ಗಾಳಗಾರರೇ. ನಾವು ಅಂಥ ಒಂದು ಪುಸ್ತಕವನ್ನಾದರೂ ಇಟ್ಟಿದ್ದೇವೆಯೇ? ಇಟ್ಟಿರುವುದು ರೀಲ್ಸ್.

ಜಪಾನಿನಿಂದ ಕಲಿಯಲೇಬೇಕೆಂದಿದ್ದರೆ ಬಾಸಿನವರನ್ನು ಬಿಟ್ಟು ರೈಗ್ಯೊದವರ ಹತ್ತಿರ ಹೋಗಬೇಕಿತ್ತು. ರೈಗ್ಯೊ ಅಂದರೆ ಅಲ್ಲಿನ ಹಾವುತಲೆ ಮೀನು, ನಮ್ಮ ಕೊರವದ ದಾಯಾದಿ. ಅದೂ ಅಲ್ಲಿಗೆ ಹೊರಗಿನಿಂದ ಬಂದದ್ದೇ. ತಾವರೆಕೆರೆಗಳಲ್ಲಿ ಅದನ್ನು ಹಿಡಿಯುವ ಹಳಬರ ರೂಢಿ ಎರಡು. ದಾರ ಹಗ್ಗದ ಹಾಗೆ ದಪ್ಪ ಇರಬೇಕು, ಯಾಕೆಂದರೆ ದಾರ ತುಂಡಾಗಿ ಕಪ್ಪೆ ಮೀನಿನ ಬಾಯಲ್ಲಿ ಉಳಿಯಬಾರದು. ಕೊಕ್ಕೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಬೇಕು. ಇಕ್ಕಳಕ್ಕೆ ನೂರೈವತ್ತು ರೂಪಾಯಿ. ನಮ್ಮ ಐವರಲ್ಲಿ ಮುಳ್ಳು ಒತ್ತಿದ್ದವನು ಒಬ್ಬನೂ ಇರಲಿಲ್ಲ. ಹಾಗೆ ಒತ್ತಿದರೆ ಮೀನು ತಪ್ಪಿಸಿಕೊಳ್ಳುತ್ತದಂತೆ. ತಪ್ಪಿಸಿಕೊಳ್ಳಲಿ! ಬಿಡುವುದಕ್ಕೇ ತಾನೆ ಹಿಡಿಯುತ್ತಿರುವುದು?

ಇನ್ನು, 'ನಮ್ಮಲ್ಲೂ ಬಾಸ್ ಇದೆ' ಎನ್ನುವವರ ಮಾತು. ಇದೆ, ಸೂರತ್ತಿನಲ್ಲಿ. ಕಾಜ್‌ವೇಯಿಂದ ಕೆಳಗೆ, ತಾಪಿಗೆ ಉಬ್ಬರದ ನೀರು ಏರುವ ಕಡೆ ಸಿಗುವುದು ಏಷ್ಯಾದ ಸೀಬಾಸ್. ಬಂಗಾಳಿಗಳ ಭೆಟ್ಕಿ, ನಮ್ಮ ಕರಾವಳಿಯ ಕೊಳಜಿ. ಅಮೆರಿಕದ ಬಾಸಿಗೂ ಇದಕ್ಕೂ ನೆಂಟಸ್ತಿಕೆ ಹೆಸರಿನದ್ದು ಮಾತ್ರ. ತೋಕ್ಯೊ ಕೊಲ್ಲಿಯ ಸುಜುಕಿ ಮೀನಿಗೆಂದು ಮಾಡಿದ ಉದ್ದನೆಯ ಮಿನ್ನೋಗಳು ಕೊಳಜಿಗೂ ಹಿಡಿಸುತ್ತವೆ, ನಾನೇ ಪರೀಕ್ಷಿಸಿದ್ದೇನೆ. ಖಂಭಾತ್ ಕೊಲ್ಲಿಯ ಹೂಳುನೀರಿನಲ್ಲಿ ಬಣ್ಣ ಕಾಣುವುದಿಲ್ಲವಾದ್ದರಿಂದ ಹೊಟ್ಟೆಯಲ್ಲಿ ಗುಂಡು ಗಿಲಕಿ ಹೊಡೆಯುವ ಲೂರೇ ವಾಸಿ. ಆದರೆ ಕೊಳಜಿಯ ಬದುಕು ಗೊತ್ತೇ? ಹುಟ್ಟುವುದು ಉಪ್ಪುನೀರಲ್ಲಿ, ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆಯಿಡಲು ಮತ್ತೆ ಅಳಿವೆಗೆ. ಮೊದಲು ಗಂಡಾಗಿ ಬಲಿಯುತ್ತದೆ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ನೀವು ಎದೆಗೊತ್ತಿಕೊಂಡು ಫೋಟೋ ತೆಗೆಸಿಕೊಳ್ಳುವ ದೊಡ್ಡ ಮೀನೆಲ್ಲ ಹೆಚ್ಚುಕಡಿಮೆ ಬಸುರಾಗಬಲ್ಲ ಹೆಣ್ಣು. ಅದನ್ನು 'ಟ್ರೋಫಿ' ಎಂದು ತೂಗಿ ಮಾರುಕಟ್ಟೆಗೆ ಕೊಟ್ಟವರನ್ನೂ ಕಂಡಿದ್ದೇನೆ.

ಭರೂಚಿನ ಹತ್ತಿರ ನರ್ಮದೆಯ ಅಳಿವೆಗೆ ಅಡ್ಡಲಾಗಿ ಭಾಡ್‌ಭೂತ್ ಬ್ಯಾರೇಜ್ ಬರುತ್ತದೆಂದಾಗ, ಹಿಲ್ಸಾ ಮೇಲೇರುವ ದಾರಿ ಮುಚ್ಚಿಹೋಗುತ್ತದೆಂದು ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಪ್ರತಿಭಟಿಸಿದರು. ಹೊಳೆ ಸಮುದ್ರಗಳ ನಡುವೆ ಓಡಾಡುವ ಕೊಳಜಿಯ ಪ್ರಶ್ನೆಯೂ ಅದೇ. ನಮ್ಮ ಗುಂಪಿನಲ್ಲಿ ಆ ವಾರಗಳಲ್ಲಿ ನಡೆದ ಚರ್ಚೆ ಕಸ್ಟಮ್ಸ್ ಸುಂಕದ್ದು.

ಗಾಳವನ್ನೇ ಬಿಡಿ ಎನ್ನುವ ಗುಜರಾತಿಗರು ಇದ್ದಾರೆ. ಬೆಳಿಗ್ಗೆ ಹಿಟ್ಟಿನುಂಡೆ ತಂದು ಕೆರೆಯ ಮೀನಿಗೆ ಹಾಕುವವರು, ನಮ್ಮ ರಾಡ್ ಕಂಡರೆ ಮುಖ ತಿರುಗಿಸುವವರು. ಅಹಮದಾಬಾದಿನಲ್ಲಿ ಒಮ್ಮೆ ಒಬ್ಬ ಅಜ್ಜಿ, 'ತಿನ್ನುವುದಕ್ಕಾದರೆ ಹಸಿವು ಅಂದುಕೊಳ್ಳಬಹುದು ಬೇಟಾ, ನೀನು ತಿನ್ನುವುದೂ ಇಲ್ಲವಲ್ಲ' ಎಂದು ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ನಾನು ಬಿಡುವವನಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ನೀರಿನ ಮೇಲೊಂದು ಸಣ್ಣ ಉಂಗುರ ಎದ್ದು, ಕೊರವ ಉಸಿರಿಗೆ ಬಂತೆಂದು ತಿಳಿದು, ಇನ್ನು ಎಷ್ಟು ಹೊತ್ತಿಗೆ ಎಲ್ಲಿ ಏಳುತ್ತದೆಂದು ಲೆಕ್ಕ ಹಾಕುತ್ತ ಕೂರುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಆ ಅಜ್ಜಿಯ ಮುಂದೆ 'ರಿಲೀಸ್' ಎಂಬ ಇಂಗ್ಲಿಷ್ ಪದವನ್ನು ಗುರಾಣಿ ಮಾಡಿಕೊಳ್ಳುವುದನ್ನಂತೂ ನಿಲ್ಲಿಸಿದ್ದೇನೆ.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ಸಾಲ ಮಾಡಿ ಬೋಟು ಇಳಿಸಿದವನು ಆ ಎರಡು ತಿಂಗಳು ಬಲೆ ಹೆಣೆಯುತ್ತ ಕೂರುತ್ತಾನೆ, ಮೀನು ಮರಿ ಹಾಕುವ ಕಾಲ ಎಂದು. ಹೊಟ್ಟೆಪಾಡಿನವನಿಗೆ ಇಷ್ಟಾದರೆ, ಭಾನುವಾರದ ಶೋಕಿಯ ನಮಗೆ ಏನೂ ಇಲ್ಲ. ಹಳ್ಳಿಯ ಕೆರೆಯನ್ನು ಗುತ್ತಿಗೆ ಹಿಡಿದವನನ್ನು ಕೇಳುವುದೂ ಇಲ್ಲ, ಜೂನ್ ಜುಲೈ ಎನ್ನುವುದೂ ಇಲ್ಲ.

ಆಗಸ್ಟಿನಲ್ಲಿ ನಾನು ಗುಂಪಿನಲ್ಲಿ ಮೂರು ಸಾಲು ಬರೆದೆ. ಮಳೆ ಶುರುವಾದಾಗಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕೊರವಕ್ಕೆ ಗಾಳವಿಲ್ಲ, ಉಂಡೆ ಕಂಡ ಕೆರೆಯ ಜಾಗವನ್ನು ಯಾರಿಗೂ ಕಳಿಸುವುದಿಲ್ಲ, ಬಾಸ್ ಮರಿಯ ಮಾತೆತ್ತಿದವರನ್ನು ಗುಂಪಿನಿಂದ ತೆಗೆಯಬೇಕು. ಎರಡು ಹೆಬ್ಬೆರಳು ಬಿದ್ದವು. ಒಬ್ಬರು, 'ಭಾಯ್, ಇಷ್ಟು ಸೀರಿಯಸ್ ಆದರೆ ಹಾಬಿ ಯಾಕೆ' ಎಂದರು. ಸೂರತ್ತಿನ ಗೆಳೆಯ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಬೇರೆಯಾಗಿ ಒಂದು ಫೋಟೋ ಕಳಿಸಿದ. ಮೇಜಿನ ಮೇಲೆ ಅವನ ಏಳು ಕಪ್ಪೆಗಳು, ಪಕ್ಕದಲ್ಲಿ ಇಕ್ಕಳ, ಹದಿನಾಲ್ಕು ಕೊಕ್ಕೆಗಳ ಮುಳ್ಳೂ ಮಟ್ಟ.