ಜಿಪಿಎಸ್ ಕೊಳ್ಳೋ ಮುಂಚೆ ಐನಾಪುರದ ಕಬ್ಬಿನ ಹೊಲ ನೆನೆಸ್ಕೊಳ್ರಿ

ಫೋನ್ ಇರುವಾಗ ಕೈಯಲ್ಲಿ ಹಿಡಿಯೋ ಜಿಪಿಎಸ್ ಬೇರೆ ಯಾಕೆ? ಟ್ರೆಕ್ಕಿಂಗ್ ಗುಂಪುಗಳಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ ಇದು. ನನ್ನ ಉತ್ತರ: ಬಹಳ ಜನರಿಗೆ ಬೇಡ. ಬೇಕಾದವರು ಮಾತ್ರ ಸರಿಯಾದ ಕಾರಣಕ್ಕೆ ಕೊಳ್ಳಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ನೆಟ್‌ವರ್ಕ್ ಇಲ್ಲದಿದ್ರೂ ಫೋನಿನ ಜಿಪಿಎಸ್ ಕೆಲಸ ಮಾಡ್ತದೆ. ಉಪಗ್ರಹದಿಂದ ನೇರವಾಗಿ ಮಾಹಿತಿ ಪಡೆಯಬೇಕಾದ್ದರಿಂದ ಮೊದಲ ಸಲ ಜಾಗ ಹಿಡಿಯೋದು ಕೊಂಚ ತಡ, ಅಷ್ಟೇ. ನಕಾಶೆ ಮೊದಲೇ ಇಳಿಸಿಟ್ಟುಕೊಂಡರೆ ಒಂದು ದಿನದ ನಡಿಗೆಗೆ ಸಾಕು.

ಈಗ ಕಾಗವಾಡ ತಾಲೂಕಿನ ಐನಾಪುರಕ್ಕೆ ಬರ್ರಿ. ಕೃಷ್ಣಾ ದಂಡೆ, ಸುತ್ತ ಆಳೆತ್ತರ ಮೀರಿದ ಕಬ್ಬು. ಹಸಿ ಎಲೆ ಸಿಗ್ನಲ್ ತಗ್ಗಿಸ್ತದೆ, ಒದ್ದೆ ಕೈಗೆ ಟಚ್ ಸ್ಕ್ರೀನ್ ಮಾತು ಕೇಳಂಗಿಲ್ಲ. 2019ರ ಆಗಸ್ಟ್‌ನಲ್ಲಿ ಈ ಭಾಗ ಕಂಡಂಥ ನೆರೆ ಬಂದಾಗ ಕರೆಂಟ್ ಹೋಗ್ತದೆ, ಹಿಂದೆಯೇ ಫೋನಿನ ಚಾರ್ಜೂ ಮುಗೀತದೆ. ನೀರು ಇಳಿದ ಮೇಲೆ ಗುರುತು ಅಳಿಸಿದ ದಾರಿ ಹುಡುಕೋವ್ರಿಗೆ, ಹಲವು ದಿನ ಕಾಡಲ್ಲಿ ಇರೋವ್ರಿಗೆ ಕೈ-ಜಿಪಿಎಸ್ ಬೇಕು.

ಹಾಗಿದ್ರೆ ಏನು ನೋಡಬೇಕು? ಬಣ್ಣದ ದೊಡ್ಡ ಪರದೆಯನ್ನಲ್ಲ. ಹಳ್ಳಿ ಕಿರಾಣಿ ಅಂಗಡೀಲೂ ಸಿಗೋ ಎಎ ಸೆಲ್‌ನಲ್ಲಿ ಓಡಬೇಕು. ಒತ್ತೋ ಬಟನ್ ಇರಬೇಕು. ಐಪಿಎಕ್ಸ್7 ಇರಬೇಕು, ಅಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ತಡೆಯಬೇಕು. ಜಿಪಿಎಸ್ ಒಂದೇ ಅಲ್ಲ, ಗ್ಲೋನಾಸ್, ಗೆಲಿಲಿಯೋ ಉಪಗ್ರಹಗಳನ್ನೂ ಹಿಡಿಯಬೇಕು. ನಮ್ಮ ನಾವಿಕ್ ಇದ್ದರೆ ಇನ್ನೂ ಛಲೋ. ಎಲೆ ಮರೆಯಲ್ಲಿ ಉಪಗ್ರಹಗಳ ಸಂಖ್ಯೆಯೇ ಆಸರೆ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾಡೆಲ್‌ಗೆ ಮಾತ್ರ ಮರುಳಾಗಬೇಡಿ: ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ಮಾತು, ನಮ್ಮ ಊರುಗಳಲ್ಲಿ ಇದೇ ಮುಖ್ಯ. ಇಂಥ ಸಾಧನದಿಂದ ಹೊಲದ ಬಾಂದು ಅಳೆಯಬೇಡಿ. ಒಂದು ಗುಂಟೆ ಅಂದರೆ 33 ಅಡಿ ಚೌಕ, ಸುಮಾರು 10 ಮೀಟರ್. ಬಯಲಲ್ಲೂ 3ರಿಂದ 5 ಮೀಟರ್ ತಪ್ಪೋ ಸಾಧನ ಗುಂಟೆ ಲೆಕ್ಕಕ್ಕೆ ಬಂದ್ರೆ ಅಣ್ಣ-ತಮ್ಮಂದಿರು ಕೋರ್ಟ್ ಮೆಟ್ಟಿಲು ಹತ್ತೋದು ಗ್ಯಾರಂಟಿ. ಅದಕ್ಕೆ ಸೆಂಟಿಮೀಟರ್ ನಿಖರತೆಯ ಆರ್‌ಟಿಕೆ ಇದೆ, ಸರ್ವೇಯರ್ ಇದ್ದಾರೆ. ಇಂಜಿನಿಯರಿಂಗ್ ಓದ್ತಿರೋ ನಾವು ಪರದೆ ಮೇಲಿನ ಚುಕ್ಕಿ ಎಷ್ಟು ಮೀಟರ್ ಸುಳ್ಳು ಹೇಳಬಹುದು ಅಂತ ಮನೆಯವರಿಗೆ ತಿಳಿಸಿ ಹೇಳಿದ್ರೆ, ಅದೇ ದೊಡ್ಡ ಉಪಕಾರ.